ಮಕ್ಕಳ ಹತ್ತಿರವೇ ಕರಾರು ಬೇಕು!

"ಸ್ವಂತ ಮಕ್ಕಳ ಹತ್ತಿರ ಎಂಥ ಕರಾರು ಮಾರಾಯ್ರೆ?" ಅಂತ ಕೇಳುವವರು ನಮ್ಮ ಮುಂಬೈ ಕನ್ನಡಿಗರಲ್ಲಿ ಬಹಳ. ಬ್ಯಾಂಕಿನಲ್ಲಿ ನಮ್ಮದೇ ಸಿಬ್ಬಂದಿ ಸಾಲ ತೆಗೆದರೂ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಅದನ್ನು ಯಾರೂ ಅಪನಂಬಿಕೆ ಅನ್ನುವುದಿಲ್ಲ. ಮನೆಯಲ್ಲಿ ಮಾತ್ರ ಯಾಕೆ ಈ ಸಂಕೋಚ?

ಊರಿನ ಗದ್ದೆ ಮಾರಿ, ಹೋಟೆಲಿನಲ್ಲೋ ಆಫೀಸಿನಲ್ಲೋ ದುಡಿದು, ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಒಂದು ಫ್ಲ್ಯಾಟ್ ಮಾಡಿಕೊಂಡವರು ನಾವು. ಜೀವಮಾನದ ಗಳಿಕೆ ಅದೊಂದೇ. ಮಹಾರಾಷ್ಟ್ರದಲ್ಲಿ 2015ರಿಂದ ವಾಸದ ಮನೆಯನ್ನು ಮಕ್ಕಳಿಗೆ ದಾನ ಕೊಟ್ಟರೆ ಸ್ಟಾಂಪ್ ಡ್ಯೂಟಿ ಬರೀ 200 ರೂಪಾಯಿ (ಸ್ಥಳೀಯ ಸೆಸ್ ಬೇರೆ). ಅಗ್ಗ ಅಂತ ಜನ ಓಡಿಹೋಗಿ ಬಕ್ಷಿಸ್ ಪತ್ರ ಮಾಡಿಸುತ್ತಾರೆ. ರಿಜಿಸ್ಟರ್ ಆದ ಮೇಲೆ ಆ ಮನೆಗೆ ನೀವು ಒಡೆಯರಲ್ಲ ಸ್ವಾಮಿ!

ಕಾನೂನು ಇಲ್ಲವೇ ಅನ್ನುತ್ತೀರಾ? ಇದೆ. ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣದ 2007ರ ಕಾಯ್ದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ 23ನೇ ಸೆಕ್ಷನ್ ಪ್ರಕಾರ ನ್ಯಾಯಮಂಡಳಿ ವಾಪಸ್ ಕೊಡಿಸಬಹುದು. ಷರತ್ತೇ ಇಲ್ಲದಿದ್ದರೆ? ಹಾಗಾದರೆ ಈ ಸೆಕ್ಷನ್ ನೆರವಿಗೆ ಬಾರದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಆಸ್ತಿ ಹಿಂದಿರುಗಿಸಿತು. ದಾನಪತ್ರದ ಮಾತಿನ ಜೊತೆಗೆ ಮಗ ಬರೆದುಕೊಟ್ಟಿದ್ದ ವಚನಪತ್ರವೂ ಅಲ್ಲಿ ಲೆಕ್ಕಕ್ಕೆ ಬಂತು. ನೋಡಿ, ಕಾಪಾಡಿದ್ದು ಕಾಗದ!

ಜೀವನಾಂಶದ ಕಥೆ ಕೇಳಿದರಂತೂ ನಗು ಬರುತ್ತದೆ. ಕಾಯ್ದೆ 2007ರಲ್ಲಿ ಹಾಕಿದ ಮಿತಿ ತಿಂಗಳಿಗೆ 10,000 ರೂಪಾಯಿ. ಅದನ್ನು ತೆಗೆಯಲು 2019ರಲ್ಲಿ ಬಂದ ಮಸೂದೆ ಪಾಸಾಗದೆ ಆ ಲೋಕಸಭೆಯ ಜೊತೆಗೇ ಮುಗಿದುಹೋಯಿತು. ಬಿಪಿ, ಶುಗರ್ ಮಾತ್ರೆ, ಕೆಲಸದವಳ ಸಂಬಳ, ಸೊಸೈಟಿ ಮೇಂಟೆನೆನ್ಸ್ ಕೊಟ್ಟ ಮೇಲೆ ಅದರಲ್ಲಿ ಊಟಕ್ಕೆ ಎಷ್ಟು ಉಳಿದೀತು? ಇಂಥ ಆಸರೆಯನ್ನು ನಂಬಿ ಮನೆ ಬಿಟ್ಟುಕೊಡಬೇಕೇ?

ಮನೆ ಮಕ್ಕಳಿಗೇ ಹೋಗಲಿ, ಬೇಡ ಅಂದವರ್ಯಾರು? ವಿಲ್ ಬರೆಯಿರಿ. ಸ್ಟಾಂಪ್ ಪೇಪರ್ ಬೇಡ, ಇಬ್ಬರು ಸಾಕ್ಷಿಗಳ ಸಹಿ ಸಾಕು, ಮನಸ್ಸು ಬದಲಾದರೆ ಬದಲಿಸಬಹುದು. ಈಗಲೇ ದಾನ ಕೊಡುವ ಹಟ ಇದ್ದರೆ, "ನಾವು ಬದುಕಿರುವ ತನಕ ಈ ಮನೆಯಲ್ಲೇ ಇರುತ್ತೇವೆ, ನಮ್ಮ ಊಟ-ಔಷಧಿ ಮಗನ ಹೊಣೆ" ಎಂದು ಪತ್ರದಲ್ಲೇ ಬರೆಸಿ. ನೋಡಿಕೊಳ್ಳುವ ಮಗನಿಗೆ ಆ ಒಂದು ಸಾಲಿನಿಂದ ನಷ್ಟವೇನೂ ಇಲ್ಲ. ಆ ಸಾಲು ಬೇಡವೇ ಬೇಡ ಅಂತ ಅವನು ಹಟ ಹಿಡಿದರೆ ಸಹಿ ಹಾಕಬೇಡಿ.

ಏನಂತೀರಿ?