ವರ್ಡ್ ತೆರೆಯದಿದ್ದರೆ ಫಾರ್ಮ್ಯಾಟ್ ಯಾಕ್ರಿ?

ವರ್ಡ್ ತೆರೀವಲ್ದು ಅಂದರೆ ಸಾಕು, ಎಷ್ಟೋ ರಿಪೇರಿಯವರ ಬಾಯಲ್ಲಿ ಒಂದೇ ಮಾತು: ‘ಫಾರ್ಮ್ಯಾಟ್ ಹೊಡೀಬೇಕ್ರಿ.’ ನೆಗಡಿಗೆ ಮೂಗು ಕೊಯ್ಯುವ ವೈದ್ಯ ಇದು!

ವರ್ಡ್ ತೆರೆಯದಿದ್ದರೂ ನಿಮ್ಮ ಫೈಲುಗಳು ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಅಂಕಲಿಯ ರೈತ ಮಹಾಪೂರದ ಪರಿಹಾರಕ್ಕೆ ಬರೆಸಿದ ಅರ್ಜಿ, ಕಬ್ಬಿನ ಬಿಲ್ಲಿನ ತಕರಾರು ಪತ್ರ, ಸಂಘದ ಠರಾವು ಅಳಿದುಹೋಗುವುದು ಫಾರ್ಮ್ಯಾಟ್ ಹೊಡೆದಾಗ. ಮೊದಲು ಅವನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಸಿ.

ಆಮೇಲೆ ಕಂಟ್ರೋಲ್ ಕೀ ಒತ್ತಿಹಿಡಿದು ವರ್ಡ್ ತೆರೆಯಿರಿ. ಸೇಫ್ ಮೋಡ್ ಬೇಕೇ ಎಂದು ಕೇಳಿದರೆ ‘ಯಸ್’ ಅನ್ನಿ. ತೆರೆಯಿತೇ? ಹಾಗಾದರೆ ಹೆಚ್ಚಾಗಿ ಕೈಕೊಟ್ಟಿರುವುದು ಅದಕ್ಕೆ ಸೇರಿಸಿದ ಯಾವುದೋ ಆ್ಯಡ್-ಇನ್. ಅದನ್ನು ಆಫ್ ಮಾಡಿ. ತೆರೆಯದಿದ್ದರೂ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆಫೀಸನ್ನಷ್ಟೇ ರಿಪೇರಿ ಮಾಡಬಹುದು.

ದುಡ್ಡು ಕೊಡುವವರು ನೀವು. ‘ಸೇಫ್ ಮೋಡ್ ನೋಡಿದ್ರೇನ್ರಿ?’ ಎಂದು ಕೇಳದೆ ಕಂಪ್ಯೂಟರ್ ಬಿಟ್ಟುಬರಬೇಡಿ.