ಐದೇ ಸಲ ತಿರುಗುವ ಬೀಗ

ಅಮೆರಿಕದಿಂದ ರಜೆಗೆ ಬಂದ ಚಿಕ್ಕಪ್ಪ ಕಿಕ್ಕೇರಿಯ ಮನೆಗೆ ಒಂದು ಕಟ್ಟು ಡಿವಿಡಿ ತಂದುಕೊಟ್ಟು ಹೋಗಿದ್ದಾರೆ ಎಂದುಕೊಳ್ಳಿ. ಗ್ರಹ, ನಕ್ಷತ್ರ, ಸಮುದ್ರದ ಜೀವಿಗಳು ಎಂದು ಒಂದಕ್ಕಿಂತ ಒಂದು ಚೆನ್ನಾದ ಸಾಕ್ಷ್ಯಚಿತ್ರಗಳು. ಹೈಸ್ಕೂಲಿನಲ್ಲಿ ಓದುವ ಹುಡುಗಿ ಅಣ್ಣ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್‌ಗೆ ಮೊದಲನೆಯದನ್ನು ಹಾಕುತ್ತಾಳೆ. ಚಿತ್ರ ಮೂಡುವುದಿಲ್ಲ. ಪರದೆಯ ಮೇಲೆ ಒಂದು ಪುಟ್ಟ ಚೌಕ ಕಾಣಿಸಿಕೊಳ್ಳುತ್ತದೆ. ಈ ಡಿಸ್ಕಿನ ವಲಯ ಬೇರೆ, ನಿಮ್ಮ ಡ್ರೈವಿನ ವಲಯ ಬೇರೆ, ಬದಲಾಯಿಸಬೇಕೆ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ.

“ಏನಂತೆ ಮಗಾ ಅದು?” ಎನ್ನುತ್ತಾರೆ ಪಕ್ಕದಲ್ಲಿ ಕುಳಿತ ಅಜ್ಜಿ.

“ಓಕೆ ಅಂತ ಒತ್ತಬೇಕಂತೆ ಅಜ್ಜಿ.”

“ಒತ್ಬುಡು ಮತ್ತೆ. ಅದ್ಕೇನು?”

ಹುಡುಗಿ ಒತ್ತುತ್ತಾಳೆ. ಶನಿಗ್ರಹದ ಬಳೆಗಳು ಪರದೆಯ ತುಂಬ ಹರಡಿಕೊಳ್ಳುತ್ತವೆ. ಎಲ್ಲರಿಗೂ ಸಂತೋಷ. ಮಾರನೆಯ ದಿನ ಅಪ್ಪ ಮೈಸೂರಿನಲ್ಲಿ ಕೊಂಡ ಇಂಗ್ಲಿಷ್ ಸಿನಿಮಾ ಹಾಕುತ್ತಾರೆ. ಅದೇ ಚೌಕ, ಅದೇ ಪ್ರಶ್ನೆ, ಅದೇ ಓಕೆ. ಮತ್ತೆ ಚಿಕ್ಕಪ್ಪನ ಡಿಸ್ಕು, ಮತ್ತೆ ಅಪ್ಪನದು, ಮತ್ತೆ ಚಿಕ್ಕಪ್ಪನದು. ಆರನೆಯ ಸಲ ಅಪ್ಪ ತಮ್ಮ ಸಿನಿಮಾ ಹಾಕಿದಾಗ ಲ್ಯಾಪ್‌ಟಾಪ್ ಬದಲಾಯಿಸಬೇಕೆ ಎಂದು ಕೇಳುವುದೇ ಇಲ್ಲ, ಆಗುವುದಿಲ್ಲ ಎಂದುಬಿಡುತ್ತದೆ. ದುಡ್ಡು ಕೊಟ್ಟು ಕೊಂಡ ಡಿಸ್ಕು, ದುಡ್ಡು ಕೊಟ್ಟು ಕೊಂಡ ಲ್ಯಾಪ್‌ಟಾಪ್, ಎರಡೂ ನೆಟ್ಟಗಿವೆ. ಆದರೆ ಒಂದಕ್ಕೊಂದು ಸೇರುವುದಿಲ್ಲ.

ಕೆಟ್ಟದ್ದು ಯಾವುದೂ ಇಲ್ಲ. ಆ ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲನ್ನು ಯಾರೂ ಓದಿರಲಿಲ್ಲ, ಅಷ್ಟೆ. ಇನ್ನು ಎಷ್ಟು ಸಲ ಬದಲಾಯಿಸಬಹುದು ಎಂಬ ಲೆಕ್ಕ ಆ ಸಾಲಿನಲ್ಲಿತ್ತು.

ಲೋಕಕ್ಕೆ ಆರು ಪಾಲು

ಡಿವಿಡಿ 1996ರ ಕೊನೆಯಲ್ಲಿ ಜಪಾನಿನ ಮಾರುಕಟ್ಟೆಗೂ 1997ರಲ್ಲಿ ಅಮೆರಿಕಕ್ಕೂ ಬಂತು. ಹನ್ನೆರಡು ಸೆಂಟಿಮೀಟರ್ ಅಗಲದ ತಟ್ಟೆಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಸುತ್ತಿತ್ತು. ಸಿನಿಮಾ ಕಂಪನಿಗಳಿಗೆ ಇದು ಹಿಗ್ಗನ್ನೂ ತಂದಿತು, ಹೆದರಿಕೆಯನ್ನೂ ತಂದಿತು. ಆಗ ಒಂದು ಇಂಗ್ಲಿಷ್ ಚಿತ್ರ ಮೊದಲು ಅಮೆರಿಕದಲ್ಲಿ ತೆರೆಕಂಡು, ತಿಂಗಳುಗಳ ಮೇಲೆ ಬೇರೆ ದೇಶಗಳ ಟಾಕೀಸುಗಳಿಗೆ ಬರುತ್ತಿತ್ತು. ಅಷ್ಟರಲ್ಲಿ ಅಮೆರಿಕದ ಡಿವಿಡಿ ಇಲ್ಲಿಗೆ ಬಂದುಬಿಟ್ಟರೆ ಟಾಕೀಸಿಗೆ ಹೋಗುವವರು ಯಾರು? ಬೆಲೆಯೂ ದೇಶಕ್ಕೊಂದು. ಅಗ್ಗದ ಕಡೆ ಕೊಂಡು ತುಟ್ಟಿಯ ಕಡೆ ಮಾರುವವರನ್ನು ತಡೆಯುವುದು ಹೇಗೆ?

ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯ ಲೋಕವನ್ನು ವಲಯಗಳಾಗಿ ಹಂಚುವುದು. ಅಮೆರಿಕ ಮತ್ತು ಕೆನಡಾ 1ನೇ ವಲಯ. ಪಶ್ಚಿಮ ಯುರೋಪು, ಜಪಾನ್, ಕೊಲ್ಲಿ ರಾಷ್ಟ್ರಗಳು 2. ಸಿಂಗಪುರ, ಮಲೇಷ್ಯಾ ಮುಂತಾದವು 3. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಲ್ಯಾಟಿನ್ ಅಮೆರಿಕ 4. ಭಾರತ, ರಷ್ಯಾ ಮತ್ತು ಆಫ್ರಿಕಾದ ಬಹುಭಾಗ 5. ಚೀನಾ 6. ವಿಮಾನ, ಹಡಗುಗಳಿಗೆಂದು 8ನೆಯದು ಬೇರೆ. ಡಿವಿಡಿ ಪೆಟ್ಟಿಗೆಯ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿತ್ರ, ಅದರೊಳಗೆ ಒಂದು ಅಂಕಿ ಇದ್ದರೆ ಅದೇ ವಲಯದ ಗುರುತು. ಸೊನ್ನೆ ಎಂದೋ ‘ಆಲ್’ ಎಂದೋ ಬರೆದಿದ್ದರೆ ಆ ಡಿಸ್ಕು ಎಲ್ಲ ಕಡೆಯೂ ಓಡುತ್ತದೆ.

ಎಣಿಕೆ ಇರುವುದು ಎಲ್ಲಿ?

ಹೆಚ್ಚಿನವರು ಎಡವುವುದು ಇಲ್ಲೇ. ಡಿಸ್ಕಿನಲ್ಲಿ ವಲಯದ ಸುದ್ದಿ ಇರುವುದು ಒಂದೇ ಒಂದು ಬೈಟ್‌ನಲ್ಲಿ. ಅದರ ಎಂಟು ಬಿಟ್‌ಗಳು ಎಂಟು ವಲಯಕ್ಕೆ. ಡ್ರೈವ್ ಅದನ್ನು ಓದಿ ತನ್ನ ಅಂಕಿಯೊಡನೆ ಹೋಲಿಸುತ್ತದೆ. 2000ನೇ ಇಸವಿಯಿಂದೀಚೆಗೆ ತಯಾರಾದ ಕಂಪ್ಯೂಟರ್ ಡ್ರೈವ್‌ಗಳಲ್ಲಿ ಈ ಅಂಕಿಯೂ ಅದನ್ನು ಎಷ್ಟು ಸಲ ಬದಲಾಯಿಸಿದ್ದೇವೆ ಎಂಬ ಎಣಿಕೆಯೂ ಡ್ರೈವಿನ ಒಳಗೇ ಕುಳಿತಿರುತ್ತವೆ. ಬಳಕೆದಾರನಿಗೆ ಐದು ಸಲ ಮಾತ್ರ ಅವಕಾಶ. ಐದನೆಯ ಬದಲಾವಣೆಯಲ್ಲಿ ಯಾವ ವಲಯ ಬಂತೋ ಅದೇ ಖಾಯಂ.

ಎಣಿಕೆ ಡ್ರೈವಿನಲ್ಲಿರುವುದರಿಂದ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ. ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೆ. ಯಾರಾದರೂ ಹಾಗೆ ಮಾಡಿ ಸರಿಪಡಿಸಿಕೊಡುತ್ತೇನೆಂದು ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡರೆ ಹಿಂದಿನವರು ಎಷ್ಟು ಅವಕಾಶ ಕಳೆದಿದ್ದಾರೋ ಅದೂ ಅದರ ಜೊತೆಗೇ ಬರುತ್ತದೆ.

ಇದನ್ನು ನೋಡಿಕೊಳ್ಳುವುದು ಸುಲಭ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಡಿವಿಡಿ ಡ್ರೈವಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ‘ಡಿವಿಡಿ ರೀಜನ್’ ಎಂಬ ಪುಟವನ್ನು ನೋಡಬೇಕು. ಈಗಿನ ವಲಯ ಯಾವುದು, ಎಷ್ಟು ಬದಲಾವಣೆ ಉಳಿದಿದೆ ಎಂಬುದು ಅಲ್ಲಿರುತ್ತದೆ. ನೋಡುವುದರಿಂದ ಎಣಿಕೆ ಕಡಿಮೆಯಾಗುವುದಿಲ್ಲ. ಓಕೆ ಒತ್ತಿ ವಲಯ ಬದಲಾಯಿಸಿದಾಗ ಮಾತ್ರ ಒಂದು ಕಳೆಯುತ್ತದೆ.

ಬೀಗವಿಲ್ಲದ ತಟ್ಟೆಗಳು

ಮನೆಯವರು ಗಾಬರಿಯಾಗಬೇಕಾದ ಕಾರಣವಿಲ್ಲ. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ ಎಂದು ವಿಡಿಯೋದವರು ಬರೆದುಕೊಟ್ಟ ಡಿವಿಡಿಗಳಿಗೆ ವಲಯದ ಬೀಗವಿರುವುದಿಲ್ಲ. ಡ್ರೈವ್ ಯಾವ ವಲಯದಲ್ಲಿ ಸಿಕ್ಕಿಬಿದ್ದಿದ್ದರೂ ಅವು ಓಡುತ್ತವೆ. ಪಾಠದ ಕಡತ, ಫೋಟೋ, ತಂತ್ರಾಂಶಗಳಿರುವ ಡಿಸ್ಕುಗಳಿಗೂ ಅಡ್ಡಿಯಿಲ್ಲ. ಬೀಗ ಇರುವುದು ಕಂಪನಿಗಳು ಅಚ್ಚುಹಾಕಿ ಮಾರಿದ ಸಿನಿಮಾ, ಸಾಕ್ಷ್ಯಚಿತ್ರಗಳಿಗೆ.

ಭಾರತೀಯ ಚಿತ್ರಗಳ ಡಿವಿಡಿಗಳಲ್ಲೂ ಬಹಳಷ್ಟು ಎಲ್ಲ ವಲಯಗಳಿಗೂ ಹೊಂದುವಂಥವೇ. ಹೊರದೇಶಗಳಲ್ಲಿರುವ ನಮ್ಮ ಜನ ಕೊಳ್ಳಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಕಿಕ್ಕೇರಿ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು. ಅವರ ಕವಿತೆಗಳನ್ನು ಆಧರಿಸಿ ಟಿ.ಎಸ್. ನಾಗಾಭರಣ ‘ಮೈಸೂರ ಮಲ್ಲಿಗೆ’ ಚಿತ್ರ ಮಾಡಿದರು. ಅಂಥದೊಂದು ಕನ್ನಡ ಚಿತ್ರದ ಡಿಸ್ಕನ್ನು ಅಮೆರಿಕದ ಮಗನಿಗೆ ಕಳಿಸುವಾಗಲೂ ಹಿಂಬದಿಯ ಅಂಕಿ ನೋಡಿ ಕಳಿಸುವುದು ಲೇಸು. 5 ಎಂದಿದ್ದರೆ ಅಲ್ಲಿ ಮಗನೂ ಇದೇ ಚೌಕದ ಮುಂದೆ ಕೂರಬೇಕಾಗುತ್ತದೆ.

ಇನ್ನೊಂದು ಗೊಂದಲವೂ ಉಂಟು. ಅಮೆರಿಕದ್ದು ಎನ್‌ಟಿಎಸ್‌ಸಿ, ನಮ್ಮದು ಪಾಲ್ ಎನ್ನುತ್ತಾರಲ್ಲ, ಅದು ವಲಯವಲ್ಲ, ಟಿ.ವಿ. ಚಿತ್ರದ ಪದ್ಧತಿ. ಪಾಲ್‌ನಲ್ಲಿ ಸೆಕೆಂಡಿಗೆ 25 ಚಿತ್ರ, ಎನ್‌ಟಿಎಸ್‌ಸಿಯಲ್ಲಿ ಸುಮಾರು 30. ಹಳೆಯ ಟಿ.ವಿ.ಗಳಲ್ಲಿ ಇದರಿಂದ ಬಣ್ಣ ಹೋಗುತ್ತಿತ್ತು, ಚಿತ್ರ ಉರುಳುತ್ತಿತ್ತು. ಲ್ಯಾಪ್‌ಟಾಪ್‌ಗೆ ಎರಡೂ ಒಂದೇ. ಅದಕ್ಕೆ ತೊಡಕಾಗುವುದು ವಲಯ ಮಾತ್ರ.

ವಿದ್ಯಾರ್ಥಿಗಳು ಬರೆದ ತಂತ್ರಾಂಶ

ಡಿಸ್ಕಿನ ಮೇಲೆ ವಲಯವಲ್ಲದೆ ಸಿಎಸ್ಎಸ್ ಎಂಬ ಗೂಢಲಿಪಿಯೂ ಇತ್ತು. ಅದರ ಕೀಲಿ 40 ಬಿಟ್‌ನದು. ಲಿನಕ್ಸ್ ಬಳಸುವವರಿಗೆ ಡಿವಿಡಿ ನೋಡಲು ಒಪ್ಪಿಗೆ ಪಡೆದ ತಂತ್ರಾಂಶವೇ ಇರಲಿಲ್ಲ. 1999ರಲ್ಲಿ ನಾರ್ವೆಯ ಯೋನ್ ಯೋಹಾನ್ಸೆನ್ ಎಂಬ ಹದಿನೈದರ ಹುಡುಗ, ಮತ್ತಿಬ್ಬರ ಜೊತೆ ಸೇರಿ ಆ ಗೂಢಲಿಪಿಯನ್ನು ಬಿಡಿಸುವ ಡಿಸಿಎಸ್ಎಸ್ ಎಂಬ ಪುಟ್ಟ ಪ್ರೋಗ್ರಾಂ ಹೊರತಂದ. ಅವನ ಮೇಲೆ ಮೊಕದ್ದಮೆ ನಡೆಯಿತು. 2003ರ ಜನವರಿಯಲ್ಲಿ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ತಾನು ಕೊಂಡ ಡಿವಿಡಿಯನ್ನು ತಾನು ನೋಡುವುದು ಅಪರಾಧವಲ್ಲ ಎಂಬುದು ತೀರ್ಪಿನ ತಿರುಳು. ಅದೇ ವರ್ಷದ ಕೊನೆಯಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಇಂದು ಲಕ್ಷಾಂತರ ಜನ ಬಳಸುವ ವಿಎಲ್‌ಸಿ ಕೂಡ ಪ್ಯಾರಿಸ್ಸಿನ ಇಕೋಲ್ ಸಾಂತ್ರಾಲ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಯೋಜನೆಯಿಂದ ಹುಟ್ಟಿದ್ದು. 2001ರಿಂದ ಅದು ಮುಕ್ತ ತಂತ್ರಾಂಶ, ಬೆಲೆಯೂ ಇಲ್ಲ. ವಲಯದ ಪ್ರಶ್ನೆ ಕೇಳದೆ ಅನೇಕ ಡಿಸ್ಕುಗಳನ್ನು ಅದು ತೋರಿಸುತ್ತದೆ. ಆದರೆ ಎಲ್ಲ ಡ್ರೈವ್‌ಗಳಲ್ಲೂ ಅಲ್ಲ. ಲ್ಯಾಪ್‌ಟಾಪ್‌ಗಳ ಕೆಲವು ಡ್ರೈವ್‌ಗಳು ವಲಯ ಹೊಂದದಿದ್ದರೆ ಡಿಸ್ಕನ್ನು ಓದಲೇ ಬಿಡುವುದಿಲ್ಲ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ನ್ಯೂಜಿಲೆಂಡಿನ 2008ರ ತಿದ್ದುಪಡಿ, ಮಾರುಕಟ್ಟೆ ಹಂಚಿಕೆಗೆ ಮಾತ್ರ ಇರುವ ವಲಯದ ಬೀಗಕ್ಕೆ ಕೃತಿಸ್ವಾಮ್ಯದ ರಕ್ಷಣೆ ಕೊಟ್ಟಿಲ್ಲ. ಭಾರತದಲ್ಲಿ 2012ರಲ್ಲಿ ಸೇರಿಸಿದ 65ಎ ಕಲಮು, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿಯುವವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಪ್ರತಿ ಮಾಡಿ ಹಂಚುವುದು, ಮಾರುವುದು ತಪ್ಪು ಎಂಬುದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬೇಕು.

ಹಾಗಾದರೆ ಮಾಡುವುದೇನು?

ಮೊದಲ ಸಲ ಆ ಚೌಕ ಮೂಡಿದಾಗಲೇ ಕ್ಯಾನ್ಸಲ್ ಒತ್ತಿ, ಡಿಸ್ಕು ಹೊರತೆಗೆದು, ಮನೆಯಲ್ಲಿರುವ ಡಿಸ್ಕುಗಳನ್ನೆಲ್ಲ ವಲಯದ ಪ್ರಕಾರ ಬೇರೆಬೇರೆ ಇಡಬೇಕು. 5ರವು ಒಂದು ಕಡೆ, 1ರವು ಒಂದು ಕಡೆ, ಸೊನ್ನೆಯವು ಇನ್ನೊಂದು ಕಡೆ. ಎರಡು ವಲಯದವೂ ಬೇಕಾಗಿದ್ದರೆ ಯುಎಸ್‌ಬಿಯಿಂದ ಜೋಡಿಸುವ ಹೊರಡ್ರೈವ್ ಒಂದನ್ನು ಕೊಂಡು ಅದನ್ನು 1ಕ್ಕೆ ಹೊಂದಿಸಿ, ಲ್ಯಾಪ್‌ಟಾಪಿನದನ್ನು 5ರಲ್ಲೇ ಬಿಡುವುದು ಒಳ್ಳೆಯದು. ಪ್ರತಿ ಡ್ರೈವಿಗೂ ಅದರದೇ ಎಣಿಕೆ. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದೇ ಅಪರೂಪವಾದ್ದರಿಂದ ಹೇಗೂ ಹೊರಡ್ರೈವ್ ಬೇಕಾಗುತ್ತದೆ. ಎಲ್ಲಿಂದಲೋ ಇಳಿಸಿಕೊಂಡ ಫರ್ಮ್‌ವೇರ್ ಹಾಕಿ ಬೀಗ ಒಡೆಯುವ ಸಾಹಸ ಬೇಡ. ಸ್ವಲ್ಪ ಹೆಚ್ಚುಕಡಿಮೆಯಾದರೆ ಡ್ರೈವೇ ಸತ್ತುಹೋಗುತ್ತದೆ.

ಡಿವಿಡಿಯ ಕಾಲ ಬಹುಮಟ್ಟಿಗೆ ಮುಗಿದಿದೆ. ಬೀಗದ ಕಾಲ ಮುಗಿದಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿನಿಮಾ ನೋಡುವವರಿಗೂ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂಬ ಸಾಲು ಹೊಸದಲ್ಲ. ಒಂದು ವ್ಯತ್ಯಾಸವಿದೆ. ಡಿಸ್ಕು ಕೈಯಲ್ಲಿ ಉಳಿಯುತ್ತದೆ, ಸರಿಯಾದ ಡ್ರೈವ್ ಸಿಕ್ಕ ದಿನ ಮತ್ತೆ ಓಡುತ್ತದೆ. ಆದ್ದರಿಂದ ಚಿಕ್ಕಪ್ಪ ತಂದ ಕಟ್ಟನ್ನು ಗುಜರಿಗೆ ಹಾಕಬೇಕಾಗಿಲ್ಲ.

ಓಕೆ ಎಂಬುದು ಎರಡಕ್ಷರದ ಮಾತು. ಕಂಪ್ಯೂಟರ್ ಅದನ್ನು ಸಹಿಯ ಹಾಗೆ ತೆಗೆದುಕೊಳ್ಳುತ್ತದೆ. ಕಾಗದ ಓದದೆ ಹೆಬ್ಬೆಟ್ಟು ಒತ್ತಬೇಡಿ ಎಂದು ಹಿರಿಯರು ಹೇಳುತ್ತಿದ್ದ ಬುದ್ಧಿಮಾತು ಈ ಪುಟ್ಟ ಚೌಕಕ್ಕೂ ಸಲ್ಲುತ್ತದೆ. ಮುಂದಿನ ಸಲ ಅಜ್ಜಿ “ಏನಂತೆ ಮಗಾ?” ಎಂದು ಕೇಳಿದರೆ, ಹುಡುಗಿ ಒತ್ತುವ ಮೊದಲು ಕೊನೆಯ ಸಾಲಿನವರೆಗೂ ಓದಿ ಹೇಳಲಿ.