ವಾಕಿಂಗ್ ಮುಗಿಯಿತು, ತಿಂಡಿ ಎಲ್ಲಿ?

ಫಜ್ರ್ ನಮಾಝ್ ಮುಗಿಸಿ ಮತ್ತೆ ಹಾಸಿಗೆ ಸೇರುತ್ತಿದ್ದ ಎಷ್ಟೋ ಮಂದಿ ಈಗ ಶೂ ಕಟ್ಟಿಕೊಂಡು ಹೊರಡುತ್ತಿದ್ದಾರೆ. ಹೆಬ್ಬಾಳ ಕೆರೆ, ಜಕ್ಕೂರು ಕೆರೆ, ಯಲಹಂಕ ಕೆರೆ, ಮತ್ತಿಕೆರೆಯ ಜೆ.ಪಿ. ಪಾರ್ಕ್ ಹೀಗೆ ಎಲ್ಲಿ ಹೋದರೂ ಬೆಳಕು ಹರಿಯುವ ಹೊತ್ತಿಗೆ ನಮ್ಮವರು ಕಾಣಸಿಗುತ್ತಾರೆ. ಬುರ್ಖಾದ ಕೆಳಗೆ ಕ್ಯಾನ್ವಾಸ್ ಶೂ ಹಾಕಿದ ತಾಯಂದಿರು ಜೋಡಿಯಾಗಿ ಬಿರಬಿರನೆ ನಡೆಯುವುದನ್ನು ನೋಡಿದರೆ ನನಗೆ ಬಹಳ ಖುಷಿ. ಆರ್.ಟಿ. ನಗರದಲ್ಲಿ ನಾನು ಕ್ಲಿನಿಕ್ ತೆರೆದ ಹೊಸದರಲ್ಲಿ ‘ದಿನಾ ಸ್ವಲ್ಪ ನಡೆಯಿರಿ’ ಎಂದರೆ ‘ಮನೆ ಕೆಲಸ ಮಾಡ್ತೀವಲ್ಲ ಆಪಾ, ಅದು ಸಾಲದಾ?’ ಎಂಬ ಉತ್ತರ ಬರುತ್ತಿತ್ತು. ಅಲ್‌ಹಮ್ದುಲಿಲ್ಲಾಹ್, ಆ ಕಾಲ ಹೋಯಿತು. ಈಗ ನನ್ನ ಚಿಂತೆ ನಡಿಗೆಯದ್ದಲ್ಲ, ನಡೆದು ಬಂದ ಮೇಲಿನ ಎರಡು ಗಂಟೆಯದ್ದು.

ಕಳೆದ ಚಳಿಗಾಲದ ಒಂದು ಘಟನೆ ಹೇಳುತ್ತೇನೆ. ವಯಸ್ಸು 58, ಹತ್ತು ವರ್ಷಕ್ಕೂ ಹಳೆಯ ಸಕ್ಕರೆ ಕಾಯಿಲೆ. ದಿನಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಚೀಟಿಯಲ್ಲಿ ‘ತಿಂಡಿಗೆ ಮೊದಲು’ ಎಂದು ಬರೆದಿತ್ತು. ಅವರು ಅದನ್ನು ಅಕ್ಷರಶಃ ಪಾಲಿಸಿ, ಫಜ್ರ್‌ಗೆ ಎದ್ದಾಗಲೇ ನುಂಗಿಬಿಡುತ್ತಿದ್ದರು. ಆಮೇಲೆ ಮಸೀದಿ, ಅಲ್ಲಿಂದ ಕೆರೆ, ಒಂದು ಗಂಟೆಯ ನಡಿಗೆ, ಬೆಂಚಿನ ಮೇಲೆ ಗೆಳೆಯರ ಜೊತೆ ಮಾತುಕತೆ. ಆ ದಿನ ಮನೆಯ ದಾರಿ ಹಿಡಿದಾಗ ಎಂಟು ಗಂಟೆ ದಾಟಿತ್ತು. ದಾರಿಯಲ್ಲೇ ಕೈ ನಡುಗಿತು, ಚಳಿಯಲ್ಲೂ ಅಂಗಿ ಒದ್ದೆಯಾಗುವಷ್ಟು ಬೆವರು, ಮಾತು ತೊದಲಿತು. ನೋಡಿದವರು ಹಾರ್ಟ್ ಅಟ್ಯಾಕ್ ಎಂದುಕೊಂಡು ಆಟೋ ಹತ್ತಿಸಿದರು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದ ಸಕ್ಕರೆ 48ಕ್ಕೆ ಇಳಿದಿತ್ತು. 70ಕ್ಕಿಂತ ಕೆಳಗೆ ಹೋದರೇ ಅಪಾಯ. ಅಲ್ಲಾಹನ ಕೃಪೆ, ಉಳಿದುಕೊಂಡರು.

ವಾರದ ನಂತರ ಅವರ ಹೆಂಡತಿ ನನ್ನ ಕ್ಲಿನಿಕ್ಕಿಗೆ ಬಂದರು. ಬೈಯಲಿಲ್ಲ. ‘ನಡೀರಿ ಅಂತ ಹೇಳಿದ್ದು ನೀವೇ ಅಲ್ವಾ ಡಾಕ್ಟರ್ ಆಪಾ?’ ಎಂದಷ್ಟೇ ಕೇಳಿದರು. ಹೌದು, ಹೇಳಿದ್ದು ನಾನೇ. ಎಷ್ಟು ನಡೆಯಬೇಕು, ಎಷ್ಟು ವೇಗವಾಗಿ ನಡೆಯಬೇಕು ಎಂದೆಲ್ಲ ಹೇಳಿದ್ದೆ. ಮಾತ್ರೆ ಯಾವಾಗ ನುಂಗುತ್ತೀರಿ, ಬಂದ ಮೇಲೆ ಎಷ್ಟು ಹೊತ್ತಿಗೆ ತಿನ್ನುತ್ತೀರಿ ಎಂದು ಕೇಳಿರಲೇ ಇಲ್ಲ. ನಮ್ಮಲ್ಲಿ ಹೆಚ್ಚಿನ ವೈದ್ಯರು, ಯಾವ ಪದ್ಧತಿಯವರೇ ಆಗಲಿ, ‘ವ್ಯಾಯಾಮ ಮಾಡಿ’ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಅದು ಅರ್ಧ ಸಲಹೆ. ನಡೆದ ಮೇಲಿನ ಊಟವೂ ಆ ಚೀಟಿಯಲ್ಲಿ ಇರಬೇಕು.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ವ್ಯಾಯಾಮದ ನಂತರ ತಿನ್ನುವುದು ಬಹುಮಾನವೂ ಅಲ್ಲ, ಹೆಚ್ಚುವರಿ ಊಟವೂ ಅಲ್ಲ. ಅದು ನಿಮ್ಮ ದಿನದ ತಿಂಡಿಯೇ, ಸರಿಯಾದ ಹೊತ್ತಿಗೆ, ನಿಮ್ಮ ಮನೆಯಲ್ಲಿ. ಅದಕ್ಕೆ ಡಬ್ಬದ ಪುಡಿ ಬೇಕಿಲ್ಲ, ಹೋಟೆಲೂ ಬೇಕಿಲ್ಲ.

ಹೊತ್ತಿನ ವಿಷಯ ಮೊದಲು. ಯುನಾನಿ ಓದುವವರಿಗೆ ಮೊದಲ ವರ್ಷದಲ್ಲೇ ಅಸ್ಬಾಬೆ ಸಿತ್ತಾ ಝರೂರಿಯಾ ಪಾಠವಾಗುತ್ತದೆ. ಬದುಕಿಗೆ ಬಿಡಲಾಗದ ಆರು ಸಂಗತಿಗಳು ಎಂದು ಅರ್ಥ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಮತ್ತು ಹೊರಹೋಗಬೇಕಾದ್ದು. ಅನ್ನ ಮತ್ತು ಚಲನೆ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇರುವುದು ಸುಮ್ಮನೆ ಅಲ್ಲ. ಇಬ್ನ್ ಸೀನಾ (980–1037) ತಮ್ಮ ‘ಅಲ್ ಖಾನೂನ್’ ಗ್ರಂಥದ ಮೊದಲ ಭಾಗದಲ್ಲೇ ವ್ಯಾಯಾಮದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಹಿಂದಿನ ಊಟ ಕರಗಿರಬೇಕು, ಹೊಟ್ಟೆ ತುಂಬಿಯೂ ಇರಬಾರದು, ತೀರಾ ಹಸಿದೂ ಇರಬಾರದು, ಊಟ ವ್ಯಾಯಾಮದ ನಂತರ ಬರಬೇಕು ಎಂಬುದು ಅವರ ಮಾತಿನ ಸಾರ. ನಡೆಯುವಾಗ ದೇಹದ ಶಾಖ ಕೈಕಾಲುಗಳ ಕಡೆ ಹರಿದಿರುತ್ತದೆ, ಅದು ಜಠರಕ್ಕೆ ಮರಳುವವರೆಗೆ ಆಹಾರ ಚೆನ್ನಾಗಿ ಪಚನವಾಗದು ಎಂದು ಯುನಾನಿ ವಿವರಿಸುತ್ತದೆ. ಇಂದಿನ ಶರೀರಶಾಸ್ತ್ರ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ: ವ್ಯಾಯಾಮದ ವೇಳೆ ರಕ್ತ ಸ್ನಾಯುಗಳಿಗೆ ಹೆಚ್ಚು ಹೋಗುತ್ತದೆ, ಹೊಟ್ಟೆಗೆ ಕಡಿಮೆ.

ಹಾಗಾಗಿ ಉಸಿರು ಸಮಸ್ಥಿತಿಗೆ ಬಂದು, ಬೆವರು ಆರಿದ ಮೇಲೆ ಕುಳಿತುಕೊಳ್ಳಿ. ಸಾಮಾನ್ಯ ನಡಿಗೆಗೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಒಂದು ಗಂಟೆಯ ಒಳಗೆ ತಿಂಡಿ ಮುಗಿದಿರಲಿ. ಅರ್ಧ ಗಂಟೆ ದಾಟಿದರೆ ಮಾಡಿದ ವ್ಯಾಯಾಮವೇ ವ್ಯರ್ಥ ಎಂದು ಜಿಮ್‌ಗಳಲ್ಲಿ ಹೆದರಿಸುತ್ತಾರೆ, ಅದು ನಿಜವಲ್ಲ. ಸ್ನಾಯು ಆಹಾರವನ್ನು ಬಳಸಿಕೊಳ್ಳುವ ಶಕ್ತಿ ಇಡೀ ದಿನ ಹೆಚ್ಚಾಗಿಯೇ ಇರುತ್ತದೆ. ಬೇಗ ತಿನ್ನಲೇಬೇಕಾದ್ದು ಬೆಳಿಗ್ಗೆ ಒಮ್ಮೆ, ಸಂಜೆ ಇನ್ನೊಮ್ಮೆ ಅಭ್ಯಾಸ ಮಾಡುವ ಆಟಗಾರರಿಗೆ. ನೀರು ಮಾತ್ರ ಬಂದ ಕೂಡಲೇ ಬೇಕು, ಗುಟುಕು ಗುಟುಕಾಗಿ. ಬೆವರಿದ ಮೈಗೆ ತಣ್ಣೀರು ಬೇಡವೆಂದು ಹಳೆಯ ಹಕೀಮರು ಎಚ್ಚರಿಸಿದ್ದಾರೆ. ಫ್ರಿಜ್ ನೀರು ವಿಷವೆಂದು ನಾನು ಹೇಳುವುದಿಲ್ಲ, ಆದರೆ ಮಡಕೆಯ ನೀರೇ ನನಗೆ ಇಷ್ಟ.

ಈ ಒಂದು ಗಂಟೆಯ ಮಾತು ಎಲ್ಲರಿಗೂ ಒಂದೇ ಅಲ್ಲ. ನೀವು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ, ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಝೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದನ್ನು ನುಂಗಿ ಖಾಲಿ ಹೊಟ್ಟೆಯಲ್ಲಿ ನಡೆಯಲು ಹೋಗಬೇಡಿ. ಮಾತ್ರೆ ಯಾವಾಗ, ತಿಂಡಿ ಯಾವಾಗ, ನಡಿಗೆ ಯಾವಾಗ ಎಂಬ ಮೂರನ್ನೂ ನಿಮ್ಮ ವೈದ್ಯರ ಮುಂದೆ ಒಟ್ಟಿಗೆ ಇಟ್ಟು ಕೇಳಿ. ನಾನು ಯುನಾನಿ ವೈದ್ಯೆ, ಆದರೂ ಹೇಳುತ್ತೇನೆ: ಬೇರೆ ವೈದ್ಯರು ಬರೆದ ಸಕ್ಕರೆ ಮಾತ್ರೆಯನ್ನು ಯಾವ ಹಕೀಮರ ಮಾತು ಕೇಳಿಯೂ ನೀವಾಗಿಯೇ ನಿಲ್ಲಿಸಬೇಡಿ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವ ಭಯ ಕಡಿಮೆ. ಏನೇ ಆಗಲಿ, ಜೇಬಿನಲ್ಲಿ ಒಂದು ಪುಟ್ಟ ಪೊಟ್ಟಣ ಸಕ್ಕರೆ ಇರಲಿ. ನಡುಕ, ಬೆವರು, ಎದೆ ಡವಡವ, ಇದ್ದಕ್ಕಿದ್ದಂತೆ ಹಸಿವು ಕಂಡರೆ ಮೂರು ಸಣ್ಣ ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು ಕುಳಿತುಬಿಡಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಸರಿಹೋದ ಮೇಲೆ ತಿಂಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡವಾಗಿ ಬಿಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಹೊಟ್ಟೆ ತುಂಬಿಸಿಕೊಳ್ಳುವವರ ಕಥೆ. ಪಾರ್ಕಿನಿಂದ ಬರುವ ದಾರಿಯಲ್ಲಿ ದರ್ಶಿನಿ ಸಿಗದ ಬಡಾವಣೆ ಬೆಂಗಳೂರಿನಲ್ಲಿದೆಯೇ? ಎಪ್ಪತ್ತು ಕಿಲೋ ತೂಕದವರು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 180ರಿಂದ 200 ಕ್ಯಾಲರಿ. ಒಂದು ಮಸಾಲೆ ದೋಸೆ ಒಂದೇ 300 ದಾಟುತ್ತದೆ, ಮೇಲೆ ಬೆಣ್ಣೆ ಬಿದ್ದರೆ ಕೇಳುವುದೇ ಬೇಡ. ಜೊತೆಗೆ ವಡೆ, ಸಕ್ಕರೆ ಹಾಕಿದ ಕಾಫಿ. ‘ಆರು ತಿಂಗಳಿಂದ ನಡೀತಿದ್ದೀನಿ, ಅರ್ಧ ಕಿಲೋನೂ ಇಳಿದಿಲ್ಲ’ ಎನ್ನುವವರಿಗೆ ನಾನು ಮೊದಲು ಕೇಳುವುದು, ಮನೆಗೆ ಯಾವ ರಸ್ತೆಯಲ್ಲಿ ಬರುತ್ತೀರಿ ಎಂದು. ಭಾನುವಾರ ಫುಟ್ಬಾಲ್ ಆಡಿ ನೇರ ಶಿವಾಜಿನಗರಕ್ಕೆ ಪಾಯಾ, ನಹಾರಿಗೆ ಹೋಗುವ ಹುಡುಗರೂ ಇದ್ದಾರೆ. ನಹಾರಿ ಎಂಬ ಹೆಸರೇ ಅರಬಿಯ ‘ನಹಾರ್’ ಅಂದರೆ ಹಗಲು ಎಂಬುದರಿಂದ ಬಂದದ್ದು, ಬೆಳಗಿನ ತಿನಿಸೇ ಅದು, ಒಪ್ಪಿದೆ. ತಿಂಗಳಿಗೊಮ್ಮೆ ಆದರೆ ನನ್ನ ತಕರಾರಿಲ್ಲ. ಪ್ರತಿ ವಾರವಾದರೆ ಇದೆ.

ಹಾಗಾದರೆ ಏನು ತಿನ್ನಬೇಕು? ಕಳೆದುಹೋದ ಶಕ್ತಿಗೆ ಸ್ವಲ್ಪ ಧಾನ್ಯ, ದಣಿದ ಸ್ನಾಯುವಿಗೆ ಸ್ವಲ್ಪ ಪ್ರೋಟೀನ್, ಜೊತೆಗೆ ಹಣ್ಣೋ ತರಕಾರಿಯೋ. ಎರಡು ಚಪಾತಿ ಮತ್ತು ದಾಲ್, ಒಂದು ಬೇಯಿಸಿದ ಮೊಟ್ಟೆ. ಇಡ್ಲಿ ಮೂರು, ಸಾಂಬಾರ್ ಧಾರಾಳವಾಗಿ. ಮೊಳಕೆ ಹೆಸರುಕಾಳು ಹಾಕಿದ ಉಪ್ಪಿಟ್ಟು. ಹೊಟ್ಟೆ ಸೂಕ್ಷ್ಮ ಇರುವವರಿಗೆ, ವಯಸ್ಸಾದವರಿಗೆ ಜವೆಗೋಧಿಯನ್ನು ಹಾಲಿನಲ್ಲಿ ಬೇಯಿಸಿದ ತಲ್ಬೀನಾ. ಯುನಾನಿಯಲ್ಲಿ ಚೇತರಿಸಿಕೊಳ್ಳುವ ರೋಗಿಗೂ ಆಶೆ ಜೌ ಎಂದು ಜವೆಗೋಧಿ ಗಂಜಿಯನ್ನೇ ಕೊಡುತ್ತೇವೆ. ಈ ಊರಿನಲ್ಲಿ ರಾಗಿ ಇರುವಾಗ ದೂರ ಹೋಗುವುದೇಕೆ? ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ನಮ್ಮ ಪಕ್ಕದಲ್ಲೇ ರಾಗಿ ಸಂಶೋಧನೆ ಮಾಡುತ್ತಿದೆ, ನಾವೋ ಪರದೇಶದ ಓಟ್ಸ್ ಹುಡುಕುತ್ತೇವೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಪ್ರೋಟೀನ್ ಏಳು ಗ್ರಾಂ ಮಾತ್ರ, ಹಾಗಾಗಿ ಗಂಜಿಯ ಜೊತೆ ಮೊಟ್ಟೆಯೋ ಒಂದು ಹಿಡಿ ಕಡಲೆಕಾಯಿಯೋ ಇರಲಿ. ಸಕ್ಕರೆ ಕಾಯಿಲೆಯವರು ರಾಗಿಯನ್ನು ತೆಳ್ಳಗೆ ಗಂಜಿ ಮಾಡಿ ಕುಡಿಯುವುದಕ್ಕಿಂತ ರೊಟ್ಟಿ ಮಾಡಿ ತಿನ್ನುವುದು ಒಳ್ಳೆಯದು.

ಗೇಟಿನ ಹೊರಗೆ ಹಾಗಲಕಾಯಿ, ಬೂದುಗುಂಬಳದ ರಸ ಮಾರುತ್ತಾರಲ್ಲ, ಅದನ್ನು ಕುಡಿದರೆ ತಿಂಡಿ ಆದಂತಲ್ಲ. ಸಕ್ಕರೆ ಮಾತ್ರೆಯ ಮೇಲೆ ಹಾಗಲಕಾಯಿ ರಸ ಸುರಿದುಕೊಂಡರೆ ಸಕ್ಕರೆ ಇನ್ನಷ್ಟು ಕೆಳಗಿಳಿಯಬಹುದು, ಎಚ್ಚರ.

ಈಗ ಜಿಮ್ ಹುಡುಗರು. ‘ಅಮ್ಮೀ, ಮೂರು ಸಾವಿರ ಕೊಡು, ಪೌಡರ್ ತರಬೇಕು’ ಎನ್ನುವ ಮಗ ಈಗ ಪ್ರತಿ ಗಲ್ಲಿಯಲ್ಲೂ ಇದ್ದಾನೆ. ತಾಯಂದಿರು ಡಬ್ಬವನ್ನೇ ನನ್ನ ಮೇಜಿನ ಮೇಲೆ ತಂದಿಡುತ್ತಾರೆ. ಆ ಪುಡಿ ವಿಷವಲ್ಲ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲು ಇಂಥ ಪುಡಿಗಳನ್ನು ಬಳಸಬೇಡಿ ಎಂದೇ ಹೇಳಿದೆ. ಲೆಕ್ಕ ಹಾಕೋಣ. ಅರವತ್ತು ಕಿಲೋ ಹುಡುಗನಿಗೆ ಸಾಮಾನ್ಯವಾಗಿ ದಿನಕ್ಕೆ 50 ಗ್ರಾಂ ಪ್ರೋಟೀನ್ ಸಾಕು, ಭಾರ ಎತ್ತುವವನಾದರೆ 80–90 ಗ್ರಾಂ ಅಂದುಕೊಳ್ಳಿ. ಮೂರು ಮೊಟ್ಟೆಗೆ 18, ಎರಡು ಲೋಟ ಹಾಲಿಗೆ 12, ಮಧ್ಯಾಹ್ನ ನೂರೈವತ್ತು ಗ್ರಾಂ ಕೋಳಿಗೆ ಸುಮಾರು 37. ಉಳಿದದ್ದು ಚಪಾತಿ, ದಾಲ್, ಕಡಲೆಯಲ್ಲಿ ಬಂದುಬಿಡುತ್ತದೆ. ಜಿಮ್ಮಿನಿಂದ ಬಂದವನಿಗೆ ಮೂರು ಮೊಟ್ಟೆ, ಎರಡು ಚಪಾತಿ, ಒಂದು ಬಾಳೆಹಣ್ಣು ಕೊಡಿ. ಆ ಮೂರು ಸಾವಿರದಲ್ಲಿ ಇಡೀ ಮನೆಯೇ ತಿಂಗಳು ಪೂರ್ತಿ ಮೊಟ್ಟೆ ತಿನ್ನಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ರಮಝಾನಿನಲ್ಲಿ ಇದೇ ಹುಡುಗರು ಉಪವಾಸವಿದ್ದು ಮಧ್ಯಾಹ್ನ ಭಾರ ಎತ್ತುತ್ತಾರೆ. ಬೆವರು ಹರಿದ ಮೇಲೆ ನೀರು ಕುಡಿಯಲಾಗದ ಹೊತ್ತಿನಲ್ಲಿ ಅದು ಬೇಡ. ಇಫ್ತಾರ್‌ಗೆ ಖರ್ಜೂರ, ನೀರು, ಗಂಜಿ ತೆಗೆದುಕೊಂಡು, ತರಾವೀಹ್ ನಂತರ ಜಿಮ್ ಮಾಡಲಿ, ಬಂದು ಊಟ ಮಾಡಲಿ.

ಕೊನೆಗೆ, ನನ್ನನ್ನು ಹೆಚ್ಚು ಕಾಡುವುದು ಬೆಳಿಗ್ಗೆ ನಡೆದು ಬರುವ ತಾಯಂದಿರು. ಆರೂವರೆಗೆ ಮನೆಗೆ ಬಂದವರು ನೇರ ಅಡುಗೆಮನೆಗೆ. ಮಕ್ಕಳ ಡಬ್ಬಿ, ಗಂಡನ ಡಬ್ಬಿ, ಅತ್ತೆ ಮಾವನ ತಿಂಡಿ. ನಡುನಡುವೆ ನಿಂತಲ್ಲೇ ಎರಡು ಲೋಟ ಚಹಾ. ತಟ್ಟೆಯ ಮುಂದೆ ಕೂರುವಾಗ ಹತ್ತೂವರೆ, ಉಳಿದ ಒಂದು ತಣ್ಣನೆಯ ಚಪಾತಿ, ಮತ್ತೆ ಚಹಾ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಊಟದ ಜೊತೆ ಕುಡಿದ ಚಹಾ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ‘ನಡೆದರೆ ಸುಸ್ತು ಹೆಚ್ಚಾಗ್ತಿದೆ ಆಪಾ, ಬಿಟ್ಟುಬಿಡ್ತೀನಿ’ ಎಂದು ಇವರು ಬರುತ್ತಾರೆ. ನಡಿಗೆ ಬಿಡಬೇಡಿ. ಏಳೂವರೆಯ ಒಳಗೆ ಕುಳಿತು ತಿನ್ನಿ, ಮೇಲೆ ನಿಂಬೆ ಹಿಂಡಿಕೊಳ್ಳಿ, ಚಹಾ ಒಂದು ಗಂಟೆ ಬಿಟ್ಟು ಕುಡಿಯಿರಿ. ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

‘ಹೇಳೋದು ಸುಲಭ ಆಪಾ, ಡಬ್ಬಿ ಯಾರು ಕಟ್ತಾರೆ?’ ಎಂದು ಕೇಳಿದವರು ಯಲಹಂಕದ ಒಬ್ಬ ತಾಯಿ. ಪಕ್ಕದಲ್ಲೇ ಗಂಡ ಕುಳಿತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಮೊಬೈಲ್ ಕೆಳಗಿಟ್ಟರು. ಈಗ ಆ ಮನೆಯಲ್ಲಿ ಮೊಟ್ಟೆ ಬೇಯಿಸುವುದು, ಡಬ್ಬಿಗೆ ಹಾಕುವುದು ಅವರ ಕೆಲಸ. ಹೋದ ತಿಂಗಳು ಬಂದಾಗ ಆಕೆಯ ಹಿಮೋಗ್ಲೋಬಿನ್ 9ರಿಂದ 10.6ಕ್ಕೆ ಏರಿತ್ತು, ಕಬ್ಬಿಣದ ಮಾತ್ರೆಯ ಪಾಲೂ ಅದರಲ್ಲಿದೆ. ಗಂಡ ಕೇಳಿದ್ದು ಒಂದೇ ಪ್ರಶ್ನೆ: ಮೊಟ್ಟೆಯನ್ನು ಎಷ್ಟು ನಿಮಿಷ ಬೇಯಿಸಬೇಕು? ನೀರು ಕುದಿ ಬಂದ ಮೇಲೆ ಹತ್ತು ನಿಮಿಷ ಎಂದೆ.